ಮೊದಲು ದೃಶ್ಯ ಆರಿಸು, ಆಮೇಲೆ ಬಣ್ಣ

ಚಿರಂಜೀವಿ ಪುಟ್ಟುವಿಗೆ ಮಾವನ ಆಶೀರ್ವಾದಗಳು.

ನೀನು ಕಳಿಸಿದ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆ. ಅಂತೂ ಸಿನಿಮಾದಲ್ಲಿ ಕಾಲಯಂತ್ರವಾಗುವ ಡೆಲೋರಿಯನ್ ಕಾರಿನ ಪ್ಲಾಸ್ಟಿಕ್ ಮಾಡೆಲ್ ಕಿಟ್ ಬಿಚ್ಚಿದ್ದೀಯ. ಪಕ್ಕದಲ್ಲಿ ಎಲ್‌ಇಡಿ ಪ್ಯಾಕೆಟ್ಟು, ಸಣ್ಣ ಬಿಡಿಭಾಗಗಳನ್ನು ಕೊರೆದಿರುವ ಹಿತ್ತಾಳೆಯ ಫೋಟೊ ಎಚ್ ತಗಡು, ಮೂರು ಬಗೆಯ ಸಿಲ್ವರ್ ಬಣ್ಣ, ಎಲ್ಲ ಸಾಲಾಗಿ ಇಟ್ಟಿದ್ದೀಯ. ಖುಷಿಯಾಯಿತು. "ಇದರಲ್ಲಿ ಯಾವ ಸಿಲ್ವರ್ ಹೊಡೀಲಿ ಮಾವ?" ಅಂತ ಕೇಳಿದ್ದೀಯ. ಹೇಳುತ್ತೇನೆ. ಅದಕ್ಕಿಂತ ಮುಂಚೆ ನೀನು ನನಗೊಂದು ಹೇಳು. ಸಿನಿಮಾದ ಯಾವ ದೃಶ್ಯದ ಕಾರು ಕಟ್ಟುತ್ತಿದ್ದೀಯ?

ಎಲ್ಲ ಒಂದೇ ಕಾರು ತಾನೇ ಅನ್ನಬೇಡ. 'ಬ್ಯಾಕ್ ಟು ದ ಫ್ಯೂಚರ್' ಮೊದಲ ಭಾಗ ಬಂದದ್ದು 1985ರಲ್ಲಿ, ಎರಡನೆಯದು 1989ರಲ್ಲಿ, ಮೂರನೆಯದು 1990ರಲ್ಲಿ. ಮೊದಲ ಭಾಗದಲ್ಲೇ ಆ ಕಾರು ಹಲವು ವೇಷ ಹಾಕುತ್ತದೆ. ಮಾಲ್‌ನ ಪಾರ್ಕಿಂಗ್ ಜಾಗದಲ್ಲಿ ಲಾರಿಯಿಂದ ಇಳಿಯುವಾಗ ಹಿಂಭಾಗದಲ್ಲಿ ಪ್ಲುಟೋನಿಯಂ ರಿಯಾಕ್ಟರ್ ಇರುತ್ತದೆ. ಗಡಿಯಾರದ ಗೋಪುರಕ್ಕೆ ಸಿಡಿಲು ಹೊಡೆಯುವ ರಾತ್ರಿ ಅದರ ಜೊತೆಗೆ ಉದ್ದನೆ ಕಂಬ, ಕಂಬದ ತುದಿಗೆ ಕೊಕ್ಕೆ. ಕೊನೆಯಲ್ಲಿ ರಿಯಾಕ್ಟರ್ ಹೋಗಿ ಅದರ ಜಾಗಕ್ಕೆ ಮಿಸ್ಟರ್ ಫ್ಯೂಷನ್ ಅನ್ನುವ, ಕಸದಿಂದ ಓಡುವ ಪುಟ್ಟ ಶಕ್ತಿಯಂತ್ರ ಬಂದಿರುತ್ತದೆ, ಚಕ್ರ ಮಡಚಿಕೊಂಡು ಕಾರು ಹಾರುತ್ತದೆ. ಮೂರನೇ ಭಾಗಕ್ಕೆ ಬಂದರೆ ಬಾನೆಟ್ ಮೇಲೆ 1955ರ ಬಿಡಿಭಾಗಗಳ ಪೆಟ್ಟಿಗೆ, ಬಿಳಿ ಅಂಚಿನ ಟೈರು, ಆಮೇಲೆ ಹಳಿಯ ಮೇಲೆ ಓಡುವ ಚಕ್ರ.

ಈಗ ನಂಬರ್ ಪ್ಲೇಟ್ ವಿಷಯ ನೋಡು. 'ಔಟಾಟೈಮ್' ಅನ್ನುವ ಕ್ಯಾಲಿಫೋರ್ನಿಯಾ ಪ್ಲೇಟ್ ಎಲ್ಲರಿಗೂ ಪ್ರಿಯ. ಆದರೆ ನಾಯಿಯನ್ನು ಕೂರಿಸಿ ಕಳಿಸುವ ಮೊದಲ ಪ್ರಯೋಗದಲ್ಲೇ ಅದು ಕಳಚಿ ನೆಲಕ್ಕೆ ಬಿದ್ದು ಗಿರಗಿರ ತಿರುಗುತ್ತದೆ, ನೆನಪಿದೆಯಾ? ಅಲ್ಲಿಂದ ಮುಂದೆ ಕಾರಿನ ಹಿಂದೆ ಪ್ಲೇಟ್ ಇಲ್ಲ. ಭವಿಷ್ಯದಿಂದ ಬರುವಾಗ ಬಾರ್‌ಕೋಡ್ ಇರುವ ಬೇರೆ ಪ್ಲೇಟ್ ಇರುತ್ತದೆ. ಹಾಗಾಗಿ ಕೊಕ್ಕೆ ಹಾಕಿ, ಅದರ ಕೆಳಗೆ ಔಟಾಟೈಮ್ ಅಂಟಿಸಿದರೆ ಅದು ಸಿನಿಮಾದಲ್ಲಿ ಎಲ್ಲೂ ಇಲ್ಲದ ಕಾರು. ಕಿಟ್‌ನಲ್ಲಿ ಡೆಕಾಲ್ (ಅಂಟಿಸುವ ಅಚ್ಚುಚಿತ್ರ) ಕೊಟ್ಟಿದ್ದಾರೆ ಅಂತ ಎಲ್ಲವನ್ನೂ ಅಂಟಿಸಬೇಕಿಲ್ಲ.

ದೃಶ್ಯ ಗೊತ್ತಾದರೆ ಅರ್ಧ ಪ್ರಶ್ನೆಗಳು ತಾವಾಗಿಯೇ ಉದುರಿಹೋಗುತ್ತವೆ. ಯಾವ ದೀಪ ಉರಿಯಬೇಕು, ಎಷ್ಟು ಕೊಳೆ ಬೇಕು, ಬಾಗಿಲು ತೆರೆದಿರಬೇಕೋ ಮುಚ್ಚಿರಬೇಕೋ, ನೀನು ತಂದಿಟ್ಟಿರುವ ಹಿತ್ತಾಳೆ ತಗಡಿನಲ್ಲಿ ಯಾವುದು ಬೇಕು, ಯಾವುದು ಬೇಡ, ಎಲ್ಲ. ಕಿಟ್ ಸುಧಾರಿಸುವುದು ಅಂದರೆ ಇನ್ನಷ್ಟು ತುಂಬುವುದು ಅಂತ ಬಹಳ ಜನ ತಿಳಿದಿದ್ದಾರೆ. ನನ್ನ ಪ್ರಕಾರ ಬಿಡುವುದೇ ಜಾಸ್ತಿ ಕೆಲಸ. ಆ ದೃಶ್ಯದ ನಾಲ್ಕೈದು ಸ್ಪಷ್ಟ ಚಿತ್ರಗಳನ್ನು ಪ್ರಿಂಟ್ ಮಾಡಿ ಮೇಜಿನ ಎದುರು ಅಂಟಿಸಿಕೋ. ವಸ್ತುಸಂಗ್ರಹಾಲಯದಲ್ಲಿ ನಿಂತಿರುವ, ಆಮೇಲೆ ರಿಪೇರಿ ಮಾಡಿದ ಕಾರಿನ ಫೋಟೊಗಳನ್ನು ಅಳತೆಗೆ ಮಾತ್ರ ಬಳಸು. ಬಣ್ಣಕ್ಕೆ, ಕೊಳೆಗೆ ಸಿನಿಮಾದ ಚೌಕಟ್ಟೇ ಸಾಕ್ಷಿ.

ಇನ್ನು ಅಸಲಿ ಕಾರಿನ ಬಗ್ಗೆ ಸ್ವಲ್ಪ ತಿಳಿದುಕೋ. ಡಿಎಂಸಿ-12 ಅನ್ನುವ ಈ ಡೆಲೋರಿಯನ್ ಕಾರನ್ನು ಉತ್ತರ ಐರ್ಲೆಂಡಿನ ಡನ್‌ಮರಿಯಲ್ಲಿ 1981ರಿಂದ ತಯಾರಿಸಿದರು. ಎರಡು ವರ್ಷದಲ್ಲಿ ಕಂಪನಿ ಮುಗಿದುಹೋಯಿತು. ಒಟ್ಟು ಒಂಬತ್ತು ಸಾವಿರದ ಆಸುಪಾಸು ಕಾರುಗಳು, ಅಷ್ಟೇ. ಆಕಾರ ಇಟಲಿಯ ಜಾರ್ಜೆಟ್ಟೊ ಜುಜಾರೊ ಅವರದು. ಹೊರಮೈ ಬಣ್ಣವಿಲ್ಲದ ಸ್ಟೇನ್‌ಲೆಸ್ ಸ್ಟೀಲ್. ಆದರೆ ಮುಂದಿನ ಹಿಂದಿನ ಬಂಪರ್ ಸ್ಟೀಲಲ್ಲ! ಅವು ಮೆತ್ತನೆ ಪ್ಲಾಸ್ಟಿಕ್, ಸ್ಟೀಲಿಗೆ ಹೊಂದಲಿ ಅಂತ ಬೂದು ಬಣ್ಣ ಬಳಿದದ್ದು. ಎಷ್ಟೇ ಹೊಂದಿಸಿದರೂ ಬಿಸಿಲಲ್ಲಿ ನಿಲ್ಲಿಸಿದರೆ ಎರಡೂ ಬೇರೆ ಅಂತ ಕಾಣುತ್ತದೆ. ಮೂಗಿನಿಂದ ಬಾಲದವರೆಗೆ ಒಂದೇ ಸಿಲ್ವರ್ ಹೊಡೆದ ಮಾಡೆಲ್ ಆಟದ ಸಾಮಾನಿನ ಹಾಗೆ ಕಾಣುವುದು ಇದೇ ಕಾರಣಕ್ಕೆ. ಬಂಪರ್‌ಗಳಿಗೆ ಹೊಳಪು ಕಡಿಮೆ ಇರುವ ಬೂದು ಮಿಶ್ರ ಸಿಲ್ವರ್ ಹೊಡಿ. ಇಷ್ಟು ಮಾಡಿದರೇ ಕಾರು ಬದಲಾಗಿಬಿಡುತ್ತದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಕ್ರೋಮ್ ಅಂತ ಬರೆದಿರುವ ಆ ಸೀಸೆಯನ್ನು ಕಾರಿನ ಮೈಗೆ ಮುಟ್ಟಿಸಬೇಡ. ಈ ಸ್ಟೀಲು ಕನ್ನಡಿಯಲ್ಲ, ಉಜ್ಜಿ ಮಂಕು ಮಾಡಿದ್ದು. ಅದರಲ್ಲಿ ಬೆಳಕು ಹರಡಿಕೊಳ್ಳುತ್ತದೆ, ಮುಖ ಕಾಣುವುದಿಲ್ಲ. ಕಣ ಸಣ್ಣಗಿರುವ ಅಲ್ಯೂಮಿನಿಯಂ ಬಣ್ಣವೇ ಸರಿ. ಕೆಳಗೆ ಮೊದಲು ಬೂದು ಪ್ರೈಮರ್, ಅದರ ಮೇಲೆ ತೆಳುವಾಗಿ ಹೊಳಪಿನ ಕಪ್ಪು, ಅದು ಪೂರ್ತಿ ಒಣಗಿದ ಮೇಲೆ ಅಲ್ಯೂಮಿನಿಯಂ. ಒಮ್ಮೆಲೇ ಮುಚ್ಚುವಷ್ಟು ಹೊಡೆಯದೆ, ಮಂಜು ಬಿದ್ದಂತೆ ಸಣ್ಣ ಸಣ್ಣ ಸುತ್ತು ಹಾಕು. ಆಮೇಲೆ ಬಾಗಿಲು, ಬಾನೆಟ್, ಪಕ್ಕದ ಫೆಂಡರ್ ಒಂದೊಂದನ್ನೇ ಟೇಪ್ ಹಾಕಿ ಮುಚ್ಚಿ, ಅದೇ ಬಣ್ಣಕ್ಕೆ ಒಂದು ಹನಿ ಕಪ್ಪು ಅಥವಾ ಬಿಳಿ ಸೇರಿಸಿ ಕೆಲವು ತಗಡುಗಳ ಮೇಲೆ ಹೊಡಿ. ವ್ಯತ್ಯಾಸ ಹೇಳಿದರೆ ಮಾತ್ರ ಗೊತ್ತಾಗುವಷ್ಟಿರಲಿ. ಅಸಲಿ ಕಾರಿನಲ್ಲಿ ಒಂದೊಂದು ತಗಡೂ ಬೆಳಕನ್ನು ಒಂದೊಂದು ಥರ ಹಿಡಿಯುತ್ತದೆ. ಮೇಲೆ ಕ್ಲಿಯರ್ ಕೋಟ್ ಬೇಡ. ಲೋಹದ ಬಣ್ಣದ ಜೀವವನ್ನು ಅದು ತಿಂದುಬಿಡುತ್ತದೆ.

ಸ್ಟೀಲಿನ ಗೆರೆ ತೋರಿಸಲಿಕ್ಕೆ ಎಮರಿ ಪೇಪರ್‌ನಲ್ಲಿ ಉಜ್ಜಲಾ ಅಂತಲೂ ಕೇಳಿದ್ದೀಯ. ಬೇಡ. ಲೆಕ್ಕ ಹಾಕಿ ನೋಡು. ನಿನ್ನ ಕಿಟ್ 1/24, ಅಂದರೆ ಅಸಲಿಯ ಇಪ್ಪತ್ನಾಲ್ಕರಲ್ಲಿ ಒಂದು ಪಾಲಿನ ಅಳತೆ. ಅಸಲಿ ಕಾರು ಸುಮಾರು 4267 ಮಿಲಿಮೀಟರ್ ಉದ್ದ, ನಿನ್ನದು 178 ಆಸುಪಾಸು. ನೀನು ಎಳೆಯುವ 0.1 ಮಿಲಿಮೀಟರ್ ಗೀರು ಅಸಲಿ ಕಾರಿನಲ್ಲಿ 2.4 ಮಿಲಿಮೀಟರ್ ಆಗುತ್ತದೆ. ಅದು ಸ್ಟೀಲಿನ ಗೆರೆಯಲ್ಲ, ಯಾರೋ ಮೊಳೆಯಲ್ಲಿ ಗೀರಿದ ಹಾಗೆ. ಇದೇ ಲೆಕ್ಕ ಎಲ್ಲ ಕಡೆಗೂ ಬರುತ್ತದೆ. ಬಾಗಿಲಿನ ಸುತ್ತ 0.5 ಮಿಲಿಮೀಟರ್ ಸಂದು ಅಂದರೆ ಅಸಲಿಯಲ್ಲಿ 12 ಮಿಲಿಮೀಟರ್. ಬಾಡಿಯ ಸುತ್ತ ಹಾದುಹೋಗುವ 12 ಮಿಲಿಮೀಟರ್ ಕೇಬಲ್‌ಗೆ ನಿನಗೆ ಬೇಕಾದದ್ದು 0.5ರ ತಂತಿ. ಸಣ್ಣ ಅಳತೆಪಟ್ಟಿಯೊಂದು ಮೇಜಿನ ಮೇಲೆ ಯಾವಾಗಲೂ ಇರಲಿ. ಕಣ್ಣಿಗೆ ಸರಿ ಅನ್ನಿಸಿದ್ದು ಬಹಳ ಸಲ ದಪ್ಪವೇ ಇರುತ್ತದೆ.

ಬಾಡಿ ತಯಾರಿಯಲ್ಲಿ ಅವಸರ ಮಾಡಬೇಡ. ಮೊದಲು ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆದು ಒಣಗಿಸು. ಅಚ್ಚಿನಿಂದ ಬಿಡಿಸಲು ಹಚ್ಚಿದ ಎಣ್ಣೆ ಉಳಿದಿದ್ದರೆ ಪ್ರೈಮರ್ ಹಿಡಿಯುವುದಿಲ್ಲ. ಅಚ್ಚುಗಳು ಸೇರುವಲ್ಲಿ ಬಾಡಿಯ ಮೂಲೆಗುಂಟ ಕೂದಲಿನಷ್ಟು ಗೆರೆ ಇರುತ್ತದೆ. ಅದನ್ನು 600ರ ಪೇಪರ್‌ನಿಂದ ತೆಗೆದು 1000ದಲ್ಲಿ ನಯ ಮಾಡು. ಈ ಕಾರಿಗೆ ಒಂದು ಎಚ್ಚರಿಕೆ. ಇದರ ಅಂಚುಗಳೆಲ್ಲ ಕಾಗದ ಮಡಚಿದ ಹಾಗೆ ಚೂಪು. ಪೇಪರನ್ನು ಬೆರಳಲ್ಲಿ ಹಿಡಿದು ಉಜ್ಜಿದರೆ ಅಂಚು ದುಂಡಾಗಿ ಸಾಬೂನಿನ ಬಿಲ್ಲೆ ಆಗುತ್ತದೆ. ಪೇಪರ್ ಹಿಂದೆ ಗಟ್ಟಿ ಪಟ್ಟಿಯೊಂದನ್ನು ಅಂಟಿಸಿ, ಒಂದೇ ದಿಕ್ಕಿಗೆ ಎಳಿ. ಪ್ರೈಮರ್ ಹೊಡೆಯುವ ಮುಂಚೆ ಸಂದುಗಳ ಮೇಲೆ ಚಾಕುವಿನ ಹಿಂಬದಿಯನ್ನು ಹಗುರವಾಗಿ ಆಡಿಸು. ಬಣ್ಣದ ಪದರ ಕೂತ ಮೇಲೆ ಅವು ಅರ್ಧ ಮುಚ್ಚಿಹೋಗುತ್ತವೆ.

ಅಂಟಿನ ವಿಷಯ ನಿನಗೆ ಗೊತ್ತಿದೆ, ಎರಡು ಮಾತು ಸಾಕು. ಕ್ರೋಮ್ ಲೇಪನ ಇರುವ ತುಂಡುಗಳ ಅಂಟುವ ಜಾಗವನ್ನು ಕೆರೆದುಬಿಡು, ಇಲ್ಲದಿದ್ದರೆ ಪ್ಲಾಸ್ಟಿಕ್ ಅಂಟು ಹಿಡಿಯುವುದಿಲ್ಲ. ಗಾಜಿನ ಹತ್ತಿರ ಸೂಪರ್ ಗ್ಲೂ ತರಬೇಡ, ಹಬೆಗೆ ಗಾಜು ಬೆಳ್ಳಗಾಗುತ್ತದೆ. ಮರಕ್ಕೆ ಹಾಕುವ ಬಿಳಿ ಗೋಂದು ಸಾಕು.

ಹಿಂಭಾಗದ ಕೊಳವೆ, ವೈರು, ಪೆಟ್ಟಿಗೆಗಳ ರಾಶಿಯೇ ನಿಜವಾದ ಮಜಾ. ನನಗೆ ಇಡೀ ಕಾರಿನಲ್ಲಿ ಇಷ್ಟವಾದ ಭಾಗ ಅದೇ. ಕಥೆ ಬರೆಯುವಾಗ ಮೊದಲಿಗೆ ಕಾಲಯಂತ್ರ ಕಾರಾಗಿರಲಿಲ್ಲ, ಫ್ರಿಜ್ ಆಗಿತ್ತು. ಮಕ್ಕಳು ನೋಡಿ ಮನೆಯ ಫ್ರಿಜ್ಜಿನೊಳಗೆ ಹೋಗಿ ಕೂತಾರು ಅಂತ ಕೈಬಿಟ್ಟರು. ಆಮೇಲೆ ಕಾರು ಬಂತು, ರಾನ್ ಕಾಬ್ ಮುಂತಾದ ಕಲಾವಿದರು ಚಿತ್ರ ಬರೆದರು, ಕಟ್ಟುವವರು ವಿಮಾನದ ಹಳೇ ಸಾಮಾನು, ಎಲೆಕ್ಟ್ರಾನಿಕ್ ಗುಜರಿ ತಂದು ಜೋಡಿಸಿದರು. ಮಿಸ್ಟರ್ ಫ್ಯೂಷನ್ ಅಂತ ನಾವು ಬೆರಗಿನಿಂದ ನೋಡುವುದು ಅಸಲಿಗೆ ಕಾಫಿ ಬೀಜ ಪುಡಿ ಮಾಡುವ ಯಂತ್ರ. ಕಥೆಯಲ್ಲೂ ಈ ಕಾರು ಒಬ್ಬ ವಿಜ್ಞಾನಿ ಮನೆಯ ಗ್ಯಾರೇಜಿನಲ್ಲಿ ಕಟ್ಟಿದ್ದು, ಕಾರ್ಖಾನೆಯಲ್ಲಿ ಆದದ್ದಲ್ಲ. ಅದಕ್ಕೇ ಹಿಂಭಾಗ ತುಂಬ ಒಪ್ಪವಾಗಿ ಬಂದರೆ ತಪ್ಪೆನಿಸುತ್ತದೆ. ಪಕ್ಕಪಕ್ಕದ ಪೆಟ್ಟಿಗೆಗಳಿಗೆ ಒಂದೇ ಬೂದು ಬೇಡ. ಒಂದು ಹಸಿರು ಕಡೆಗೆ ವಾಲಲಿ, ಇನ್ನೊಂದು ಮಾಸಿದ ಕಪ್ಪಿರಲಿ. ಕಿಟ್‌ನಲ್ಲಿ ಅಚ್ಚೊತ್ತಿದ ವೈರುಗಳನ್ನು ಕೆರೆದು ತೆಗೆದು ಸೀಸದ ತಂತಿ ಹಾಕು. ಸೀಸದ ತಂತಿ ಬಗ್ಗಿಸಿದಲ್ಲೇ ನಿಲ್ಲುತ್ತದೆ, ತಾಮ್ರ ಅಷ್ಟು ಸುಲಭಕ್ಕೆ ಮಾತು ಕೇಳುವುದಿಲ್ಲ. ಮುಟ್ಟಿದ ಮೇಲೆ ಕೈ ತೊಳಿ. ವೈರು ಸಡಿಲವಾಗಿ ಬಾಗಿ, ತನ್ನ ಭಾರಕ್ಕೆ ಸ್ವಲ್ಪ ಜೋತುಬಿದ್ದ ಹಾಗಿರಲಿ.

ಒಳಗಡೆ ಕಣ್ಣು ಹೋಗುವುದು ಎರಡೇ ಕಡೆ. ಡ್ಯಾಶ್‌ಬೋರ್ಡಿನ ಮೂರು ಸಾಲಿನ ಗಡಿಯಾರ, ಸೀಟುಗಳ ಹಿಂದೆ ಇರುವ, ಕಥೆಯಲ್ಲಿ ಕಾಲಪ್ರಯಾಣ ಮಾಡಿಸುವ ಫ್ಲಕ್ಸ್ ಕೆಪಾಸಿಟರ್. ಗಡಿಯಾರದಲ್ಲಿ ಮೇಲಿನ ಸಾಲು ಕೆಂಪು, ಮಧ್ಯದ್ದು ಹಸಿರು, ಕೆಳಗಿನದು ಹಳದಿ. ಹೋಗಬೇಕಾದ ದಿನ, ಇವತ್ತಿನ ದಿನ, ಬಿಟ್ಟುಬಂದ ದಿನ. ಡೆಕಾಲಿನಲ್ಲಿರುವ ತಾರೀಖು ನಿನ್ನ ದೃಶ್ಯಕ್ಕೆ ಹೊಂದುತ್ತದಾ ನೋಡಿಕೋ. ಸಿಡಿಲಿನ ರಾತ್ರಿಯಾದರೆ ಮಧ್ಯದ ಸಾಲಿನಲ್ಲಿ 1955ರ ನವೆಂಬರ್ 12 ಇರಬೇಕು. ಅಂದ ಹಾಗೆ, ಆ ಕಾಲದ ಅಸಲಿ ಡೆಲೋರಿಯನ್ ಸ್ಪೀಡೋಮೀಟರು 85 ಮೈಲಿಗೇ ಮುಗಿಯುತ್ತಿತ್ತು. ಕಥೆಯಲ್ಲಿ ಕಾಲ ದಾಟಲು ಬೇಕಾದ ವೇಗ ಗಂಟೆಗೆ 88 ಮೈಲಿ. ಡ್ಯಾಶ್‌ಬೋರ್ಡಿನ ಮೇಲೆ ಅಂಕಿ ತೋರಿಸುವ ಪುಟ್ಟ ಪೆಟ್ಟಿಗೆ ಕೂತಿದೆಯಲ್ಲ, ಅದನ್ನು ಮರೆಯಬೇಡ. ಸೀಟಿನ ಹೊಲಿಗೆ, ಕಾಲಬಳಿಯ ಪೆಡಲ್, ಇವಕ್ಕೆ ವಾರಗಟ್ಟಲೆ ಕೂರಬೇಡ. ಬಾಗಿಲು ಮುಚ್ಚಿದರೆ ಆ ದೇವರಿಗೂ ಕಾಣುವುದಿಲ್ಲ.

ಬಾಗಿಲಿನ ಮಾತು ಬಂತು. ಕಿಟ್ ಹೇಳುವಂತೆ ತೆರೆದು ಮುಚ್ಚುವ ಹಾಗೆ ಮಾಡಿದರೆ ನಾಲ್ಕು ಸಲ ಆಡಿಸುವಷ್ಟರಲ್ಲಿ ಮಾಡಿನ ಹತ್ತಿರ ಬಣ್ಣ ಕಿತ್ತುಬರುತ್ತದೆ. ಒಂದನ್ನು ಮುಚ್ಚಿ, ಒಂದನ್ನು ಎತ್ತಿ, ಅಲ್ಲಿಗೇ ಅಂಟಿಸಿಬಿಡು. ಚಾಲಕನ ಬದಿಯದು ಎತ್ತಿದ್ದರೆ ಗಡಿಯಾರ ಚೆನ್ನಾಗಿ ಕಾಣುತ್ತದೆ.

ದೀಪಗಳನ್ನು ಹಾಕಲೇಬೇಕು ಅಂತಿದ್ದರೆ ಬಾಡಿ ಮುಚ್ಚುವ ಮುಂಚೆ ಎಲ್ಲವನ್ನೂ ಉರಿಸಿ ನೋಡು, ಅದೂ ಗಂಟೆಗಟ್ಟಲೆ. ಯುಎಸ್‌ಬಿಯ 5 ವೋಲ್ಟ್ ಕೊಡುವುದಾದರೆ ಪ್ರತಿ ಎಲ್‌ಇಡಿಗೂ ಅದರದೇ ರೆಸಿಸ್ಟರ್ ಬೇಕು. ಕೆಂಪು ಸುಮಾರು 2 ವೋಲ್ಟ್ ತಿನ್ನುತ್ತದೆ, ಉಳಿದ 3ಕ್ಕೆ 10 ಮಿಲಿ ಆಂಪಿಯರ್ ಲೆಕ್ಕದಲ್ಲಿ 300 ಓಮ್ ಬರುತ್ತದೆ, 330 ಹಾಕು. ಬಿಳಿ ಮತ್ತು ನೀಲಿಗೆ 220 ಸಾಕು. ತೆಳು ಪ್ಲಾಸ್ಟಿಕ್ ಮೂಲಕ ಬೆಳಕು ಸೋರಿ ಇಡೀ ಬಂಪರ್ ಲಾಟೀನಾಗುವುದುಂಟು. ಒಳಮೈಗೆ ಮೊದಲು ಕಪ್ಪು, ಅದರ ಮೇಲೆ ಬಿಳಿ ಹೊಡೆದರೆ ಸೋರುವುದು ನಿಲ್ಲುತ್ತದೆ. ದೀಪದ ಕಾಂತಿ ಜಾಸ್ತಿ ಅನಿಸಿದರೆ ರೆಸಿಸ್ಟರ್ ಬೆಲೆ ಏರಿಸು. ಕೈಯಳತೆಯ ಕಾರು ಕಣ್ಣು ಕುಕ್ಕಿದರೆ ಅದರ ಗಾತ್ರವೇ ನೆನಪಾಗುತ್ತದೆ.

ಕೊಳೆ ಹಿಡಿಸುವುದು ಕೊನೆಗೆ, ಅದೂ ಕಡಿಮೆ. ಮಾಲ್‌ನ ಕಾರಾದರೆ ಹೆಚ್ಚುಕಡಿಮೆ ಸ್ವಚ್ಛ. ಮೊದಲ ಪ್ರಯೋಗ ಮುಗಿಸಿ ಮಂಜುಗಟ್ಟಿ ವಾಪಸು ಬಂದ ಕ್ಷಣ ಬೇಕೆಂದರೆ ಅಂಚುಗಳಲ್ಲಿ, ಸಂದುಗಳಲ್ಲಿ ಬಿಳಿ ಕೂರಿಸು, ಅಗಲ ಜಾಗಗಳಲ್ಲಿ ಸ್ಟೀಲು ಇಣುಕಲಿ. ಅಡುಗೆ ಸೋಡಾ ಉದುರಿಸುವವರಿದ್ದಾರೆ. ಕಾಲ ಕಳೆದಂತೆ ಅದು ಹಳದಿಗೆ ತಿರುಗುತ್ತದೆ, ಬೇಡ.

ಏರ್‌ಬ್ರಷ್ ಹಿಡಿಯುವಾಗ ಮಾಸ್ಕ್ ಹಾಕು, ಕಿಟಕಿ ತೆರೆದಿಡು. ಬಟ್ಟೆಯ ಮಾಸ್ಕ್ ಅಲ್ಲ, ಬಣ್ಣದ ಹಬೆ ತಡೆಯುವ ಫಿಲ್ಟರ್ ಇರುವುದು. ಎಮರಿ ಕೆಲಸ ನೀರು ಹಾಕಿಯೇ ಮಾಡು, ಪುಡಿ ಮೂಗಿಗೆ ಹೋಗುವುದಿಲ್ಲ. ನಿಮ್ಮಮ್ಮ ಈ ವಿಷಯಕ್ಕೆ ಬೈದರೆ ನಾನು ಅವಳ ಕಡೆಗೇ ಇರುತ್ತೇನೆ.

ಯಾವ ದೃಶ್ಯ ಅಂತ ಈ ವಾರ ಬರಿ. ಸಿಡಿಲಿನ ರಾತ್ರಿಯಾದರೆ ಕಂಬಕ್ಕೆ ಕಿಟ್‌ನ ಪ್ಲಾಸ್ಟಿಕ್ ಕಡ್ಡಿ ಬಳಸಬೇಡ, ಬಾಗುತ್ತದೆ. ನನ್ನ ಹತ್ತಿರ ಸಣ್ಣ ಹಿತ್ತಾಳೆ ಕೊಳವೆ ಉಳಿದಿದೆ, ಅಂಚೆಯಲ್ಲಿ ಕಳಿಸುತ್ತೇನೆ. ಜೊತೆಗೆ 0.3 ಮತ್ತು 0.5ರ ಸೀಸದ ತಂತಿಯನ್ನೂ ಹಾಕುತ್ತೇನೆ. ಪ್ರೈಮರ್ ಹೊಡೆದ ಮೇಲೆ, ಸಿಲ್ವರ್ ಹೊಡೆಯುವ ಮುಂಚೆ, ಬಾಡಿಯ ಎಡಬಲ ಎರಡೂ ಕಡೆಯ ಫೋಟೊ ಕಳಿಸು.

ಇಂತಿ,
ನಿನ್ನ ಮಾವ