ಜಾಹೀರಾತಿನ ಕಾವಲಿಗೆ ಎಐ ಇರಲಿ, ಖಜಾನೆಯ ಬೀಗದ ಕೈ ಬೇಡ

ಸಂಪಾದಕರಿಗೆ,

ಮಾನ್ಯರೇ,

ಆನ್‌ಲೈನ್ ಜಾಹೀರಾತುಗಳ ಮೇಲೆ ನಿಗಾ ಇಡುವ ಕೆಲಸವನ್ನು ಎಐ ಅಸಿಸ್ಟೆಂಟ್‌ಗಳಿಗೆ ಪೂರ್ತಿಯಾಗಿ ಒಪ್ಪಿಸಿಬಿಡಬಹುದೆಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಹಲವು ವರ್ಷಗಳಿಂದ ಬೇರೆಯವರ ಜಾಹೀರಾತು ಖಾತೆಗಳನ್ನು ನೋಡಿಕೊಳ್ಳುತ್ತಿರುವವನು ನಾನು. ಕಳೆದೊಂದು ವರ್ಷದಿಂದ ಈ ಕೆಲಸದ ದೊಡ್ಡ ಪಾಲನ್ನು ಅಂಥದೊಂದು ಅಸಿಸ್ಟೆಂಟ್‌ಗೆ ವಹಿಸಿದ್ದೇನೆ. ಆದ್ದರಿಂದ ಆ ಮಾತನ್ನು ಅರ್ಧ ಒಪ್ಪುತ್ತೇನೆ. ನೋಡುವ ಕೆಲಸವನ್ನು ಅದಕ್ಕೆ ಕೊಡಬಹುದು, ಕೊಡುವುದೇ ಒಳ್ಳೆಯದು. ಆದರೆ ತಾನು ಕಂಡದ್ದನ್ನು ನಂಬಿ ಖರ್ಚನ್ನು ಏರಿಸುವ, ಇಳಿಸುವ, ನಿಲ್ಲಿಸುವ ಅಧಿಕಾರವನ್ನು ಕೊಡಬಾರದು. ಏಕೆಂಬುದನ್ನು ವಿವರಿಸಲು ಈ ಪತ್ರ.

1994ರ ಅಕ್ಟೋಬರ್‌ನಲ್ಲಿ ಹಾಟ್‌ವೈರ್ಡ್ ಜಾಲತಾಣದಲ್ಲಿ ಬ್ಯಾನರ್ ಜಾಹೀರಾತುಗಳು ಕಾಣಿಸಿಕೊಂಡ ಕಾಲದಲ್ಲಿ, ಹಣ ಕೊಟ್ಟವರು ಆ ಪುಟವನ್ನು ತೆರೆದು ತಮ್ಮ ಜಾಹೀರಾತು ಅಲ್ಲಿದೆಯೇ ಎಂದು ಕಣ್ಣಾರೆ ನೋಡಬಹುದಿತ್ತು. ಇಂದು ಪುಟವೊಂದು ತೆರೆದುಕೊಳ್ಳುವಷ್ಟರಲ್ಲಿ, ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಅವಧಿಯಲ್ಲಿ, ಹರಾಜು ನಡೆದು ಗೆದ್ದ ಜಾಹೀರಾತು ಆ ಒಬ್ಬ ಓದುಗನಿಗೆ ಮಾತ್ರ ಕಾಣಿಸುತ್ತದೆ. ಪಕ್ಕದಲ್ಲಿ ಕುಳಿತವನಿಗೆ ಅದೇ ಜಾಗದಲ್ಲಿ ಬೇರೆಯದೇ ಇರುತ್ತದೆ. ಹೀಗಾಗಿ ಹಣ ಕೊಟ್ಟವನಿಗೂ ಅವನ ಪರವಾಗಿ ಕೆಲಸ ಮಾಡುವ ನನ್ನಂಥವನಿಗೂ ಜಾಹೀರಾತು ಕಾಣುವುದೇ ಇಲ್ಲ, ಅಂಕಿಗಳು ಮಾತ್ರ ಕಾಣುತ್ತವೆ. ನಾವು ಮಾಡುವ ಮೇಲ್ವಿಚಾರಣೆಯೆಂದರೆ ಅಂಕಿಗಳಿಂದ ನಡೆದದ್ದನ್ನು ಊಹಿಸುವುದು.

ಆ ಊಹೆ ತಪ್ಪಲು ಬೇಕಾದಷ್ಟು ದಾರಿಗಳಿವೆ. ಗೂಗಲ್ ಆ್ಯಡ್ಸ್‌ನಲ್ಲಿ ದಿನದ ಬಜೆಟ್ ಎಂದು ನಾವು ಬರೆದಿಡುವುದು ನಿಜಕ್ಕೂ ಸರಾಸರಿ. ಸಾಮಾನ್ಯವಾಗಿ ಒಂದೇ ದಿನದಲ್ಲಿ ಅದರ 2 ಪಟ್ಟಿನವರೆಗೆ ಖರ್ಚಾಗಬಹುದು, ತಿಂಗಳ ಒಟ್ಟು ಮೊತ್ತ ಮಾತ್ರ ಅದರ 30.4 ಪಟ್ಟನ್ನು ಮೀರುವಂತಿಲ್ಲ. ಇದನ್ನು ತಿಳಿಯದವರು ಒಂದು ಬೆಳಿಗ್ಗೆ ಖಾತೆ ತೆರೆದು ಗಾಬರಿಯಾಗುತ್ತಾರೆ. ಜಾಹೀರಾತು ಕರೆದೊಯ್ಯುವ ಪುಟವೇ ಅಳಿಸಿಹೋಗಿದ್ದರೂ ಪ್ರತಿ ಕ್ಲಿಕ್ಕಿಗೂ ಹಣ ಹೋಗುತ್ತಿರಬಹುದು. ಪಾವತಿ ಕಾರ್ಡಿನ ಅವಧಿ ಮುಗಿದು ಎಲ್ಲವೂ ನಿಂತಿರಬಹುದು. ಇದಕ್ಕೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕು, ಅದೂ ವಾರದ ಏಳು ದಿನ. ಮನುಷ್ಯರಿಂದ ಇದು ಚೆನ್ನಾಗಿ ಆಗುವ ಕೆಲಸವಲ್ಲ ಎಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ನಿಗಾ ಇಡುವ ಯಾಂತ್ರಿಕ ವಿಧಾನಗಳು ಮೊದಲೂ ಇದ್ದವು. ಖರ್ಚು ಇಷ್ಟು ಮೀರಿದರೆ ಮಿಂಚಂಚೆ ಕಳುಹಿಸು ಎಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮ್, ಬರೆದು ಗಂಟೆಗೊಮ್ಮೆ ಓಡುವಂತೆ ಇಡುವುದು ಈ ವೃತ್ತಿಯಲ್ಲಿ ಹಳೆಯ ರೂಢಿ. ಆದರೆ ಸ್ಕ್ರಿಪ್ಟು ಖರ್ಚು ಏರಿತೆಂದು ಕೂಗಬಲ್ಲದೇ ಹೊರತು, ಹಿಂದಿನ ದಿನ ಸಂಜೆ ಯಾರೋ ಕೀವರ್ಡಿನ, ಅಂದರೆ ಯಾವ ಹುಡುಕಾಟಕ್ಕೆ ಜಾಹೀರಾತು ಕಾಣಬೇಕೆಂದು ನಾವು ಬರೆದಿಡುವ ಪದದ, ಹೊಂದಾಣಿಕೆಯನ್ನು ಸಡಿಲಿಸಿದ್ದರು, ಅಲ್ಲಿಂದೀಚೆಗೆ ಸಂಬಂಧವಿಲ್ಲದ ಹುಡುಕಾಟಗಳಿಗೂ ಜಾಹೀರಾತು ಹೋಗುತ್ತಿದೆ ಎಂದು ಸಾಮಾನ್ಯವಾಗಿ ಹೇಳಲಾರದು. ಅಸಿಸ್ಟೆಂಟ್ ಹೇಳುತ್ತದೆ. ಬದಲಾವಣೆಗಳ ಪಟ್ಟಿಯನ್ನೂ ಖರ್ಚಿನ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ, ನಾಲ್ಕು ವಾಕ್ಯಗಳಲ್ಲಿ ಸಂಶಯವನ್ನು ಮುಂದಿಡುತ್ತದೆ. ಜನ ಏನೆಂದು ಹುಡುಕಿದಾಗ ನಮ್ಮ ಜಾಹೀರಾತು ಕಾಣಿಸಿಕೊಂಡಿತು ಎಂಬ ವರದಿಯನ್ನಂತೂ, ಸಾವಿರಾರು ಸಾಲುಗಳಿದ್ದರೂ ಬೇಸರಿಸದೆ ಓದುತ್ತದೆ. ಮಾರಲು ಜಾಹೀರಾತು ಕೊಟ್ಟರೆ ದುರಸ್ತಿ ಹುಡುಕುವವರು, ಉದ್ಯೋಗ ಹುಡುಕುವವರು, ಉಚಿತವಾಗಿ ಸಿಗುತ್ತದೆಯೇ ಎಂದು ನೋಡುವವರು ಬಂದು ಕ್ಲಿಕ್ ಮಾಡಿ ಹೋಗುವುದನ್ನು ಗುರುತಿಸಿ ಜಾಹೀರಾತು ತೋರಿಸಬಾರದ ಹುಡುಕಾಟದ ಪದಗಳ, ಅಂದರೆ ನೆಗೆಟಿವ್ ಕೀವರ್ಡ್‌ಗಳ ಪಟ್ಟಿ ಮಾಡಿಕೊಡುವುದರಲ್ಲಿ ಅದು ನನಗಿಂತ ವೇಗ, ಮತ್ತು ಶುಕ್ರವಾರ ಸಂಜೆಯ ನನಗಿಂತ ಖಂಡಿತ ಹೆಚ್ಚು ಗಮನಶೀಲ.

ಇಷ್ಟು ಹೇಳಿದ ಮೇಲೆ ತೊಡಕುಗಳಿಗೆ ಬರುತ್ತೇನೆ. ಮೊದಲನೆಯದು ಲೆಕ್ಕಾಚಾರ. ದಿನಕ್ಕೆ ಸರಾಸರಿ 10 ಕನ್ವರ್ಷನ್‌ಗಳು, ಅಂದರೆ ಖರೀದಿಯೋ ವಿಚಾರಣೆಯೋ, ಬರುವ ಕ್ಯಾಂಪೇನ್, ಅಂದರೆ ಒಂದೇ ಉದ್ದೇಶದ ಜಾಹೀರಾತುಗಳ ಗುಂಪು, ಒಂದಿದೆಯೆಂದುಕೊಳ್ಳಿ. ಒಂದಕ್ಕೊಂದು ಸಂಬಂಧವಿಲ್ಲದೆ ಬರುವ ಇಂಥ ಘಟನೆಗಳ ಸಂಖ್ಯೆ ದಿನದಿಂದ ದಿನಕ್ಕೆ ತಾನಾಗಿ ಏರಿಳಿಯುತ್ತದೆ. ಏನೊಂದು ಕೆಡದಿದ್ದರೂ ಸುಮಾರು ಎಂಟು ದಿನಕ್ಕೊಮ್ಮೆ ಅದು 6 ಅಥವಾ ಅದಕ್ಕೂ ಕಡಿಮೆ ಇರುತ್ತದೆ. ಶೇ 40ರಷ್ಟು ಕುಸಿತವಾದರೆ ಎಚ್ಚರಿಸು ಎಂದು ಅಸಿಸ್ಟೆಂಟ್‌ಗೆ ಹೇಳಿಟ್ಟವನು, ಹೆಚ್ಚುಕಡಿಮೆ ವಾರಕ್ಕೊಂದು ಸುಳ್ಳು ಎಚ್ಚರಿಕೆಯನ್ನು ತಾನೇ ಆಹ್ವಾನಿಸಿದಂತಾಯಿತು. 50 ಕ್ಯಾಂಪೇನ್‌ಗಳಲ್ಲಿ ತಲಾ 8 ಅಂಕಿಗಳನ್ನು ದಿನವೂ ಪರೀಕ್ಷಿಸಿದರೆ 400 ಪರೀಕ್ಷೆಗಳಾಗುತ್ತವೆ. ನೂರಕ್ಕೆ 5 ಬಾರಿ ಆಕಸ್ಮಿಕವಾಗಿ ದಾಟಬಹುದಾದ ಗಡಿಯನ್ನು ಇಟ್ಟರೂ ದಿನಕ್ಕೆ 20 ಎಚ್ಚರಿಕೆಗಳು ಬರುತ್ತವೆ. ಇದಕ್ಕೆ ಅಸಿಸ್ಟೆಂಟ್ ಸೇರಿಸುವ ಅಪಾಯವೆಂದರೆ, ಪ್ರತಿಯೊಂದಕ್ಕೂ ಅದು ಒಂದು ಕಾರಣವನ್ನೂ ಹೊಂದಿಸಿಕೊಡುತ್ತದೆ. ಆಕಸ್ಮಿಕ ಏರಿಳಿತಕ್ಕೆ ಕಾರಣವೇ ಇರುವುದಿಲ್ಲ, ಆದರೆ ಕೇಳಿದರೆ ಅದು ಪ್ರತಿಸ್ಪರ್ಧಿಗಳ ಬಿಡ್ ಹೆಚ್ಚಿರಬಹುದು, ಜನರ ಆಸಕ್ತಿ ಬದಲಾಗಿರಬಹುದು ಎಂದು ನಯವಾದ ಭಾಷೆಯಲ್ಲಿ ಬರೆದುಕೊಡುತ್ತದೆ. ಹುಲಿ ಬಂತು ಹುಲಿ ಎಂದು ಬರಿದೇ ಕೂಗಿದ ಹುಡುಗನನ್ನಾದರೂ ಜನ ಬೇಗ ಅನುಮಾನಿಸಿಯಾರು. ಹುಲಿಯ ಹೆಜ್ಜೆಗುರುತಿನ ಚಿತ್ರವನ್ನೂ ಬರೆದು ತೋರಿಸುವವನನ್ನು ಅನುಮಾನಿಸುವುದು ಕಷ್ಟ.

ನಿನ್ನೆಯ ಅಂಕಿಯ ವಿಷಯದಲ್ಲೂ ಇದೇ ಗೋಳು. ಇವತ್ತು ಕ್ಲಿಕ್ ಮಾಡಿದವನು ಹತ್ತು ದಿನ ಬಿಟ್ಟು ಖರೀದಿಸಿದರೆ, ಗೂಗಲ್ ಆ್ಯಡ್ಸ್‌ನ ಸಾಮಾನ್ಯ ವರದಿಯಲ್ಲಿ ಆ ಖರೀದಿ ಕ್ಲಿಕ್ಕಿನ ದಿನದ ಲೆಕ್ಕಕ್ಕೆ ಹೋಗಿ ಸೇರುತ್ತದೆ. ಆದ್ದರಿಂದ ನಿನ್ನೆ ಎಂಬುದು ಯಾವಾಗಲೂ ಕಳೆದ ವಾರಕ್ಕಿಂತ ಬಡವಾಗಿ ಕಾಣುತ್ತದೆ, ದಿನ ಕಳೆದಂತೆ ತುಂಬಿಕೊಳ್ಳುತ್ತದೆ. ಇದನ್ನು ಸ್ಪಷ್ಟವಾಗಿ ಹೇಳಿಕೊಡದಿದ್ದರೆ ಅಸಿಸ್ಟೆಂಟ್ ಪ್ರತಿದಿನ ಬೆಳಿಗ್ಗೆ ಕುಸಿತವನ್ನು ಕಂಡುಹಿಡಿಯುತ್ತದೆ.

ಕೂಡುವುದು ಭಾಗಿಸುವುದನ್ನೂ ಅದರ ಕೈಗೆ ಬಿಡಬಾರದೆಂದು ನಾನು ಪಾಠ ಕಲಿತೇ ತಿಳಿದುಕೊಂಡೆ. ಗೂಗಲ್ ಆ್ಯಡ್ಸ್‌ನ ಎಪಿಐ, ಅಂದರೆ ಪ್ರೋಗ್ರಾಮುಗಳು ಖಾತೆಯ ಅಂಕಿಗಳನ್ನು ಪಡೆಯುವ ಮಾರ್ಗ, ಖರ್ಚಿನ ಮೊತ್ತವನ್ನು ಮೈಕ್ರೊಗಳಲ್ಲಿ, ಎಂದರೆ ಹಣದ ಒಂದು ಘಟಕವನ್ನು 10 ಲಕ್ಷ ಭಾಗ ಮಾಡಿ ಕೊಡುತ್ತದೆ. ಆರಂಭದ ವಾರದಲ್ಲಿ ಒಂದು ಕೋಷ್ಟಕದಲ್ಲಿ ಅದನ್ನು ಭಾಗಿಸಿ, ಇನ್ನೊಂದರಲ್ಲಿ ಭಾಗಿಸದೆ, ಎರಡನ್ನೂ ಹೋಲಿಸಿ ಅಸಿಸ್ಟೆಂಟ್ ಗಂಭೀರವಾಗಿ ವರದಿ ಬರೆದಿತ್ತು. 10 ಲಕ್ಷ ಪಟ್ಟಿನ ತಪ್ಪು ಕಣ್ಣಿಗೆ ಹೊಡೆಯುತ್ತದೆ, ಅದೇ ಪುಣ್ಯ. ಶೇ 10ರ ತಪ್ಪಾಗಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಈಗ ಲೆಕ್ಕವೆಲ್ಲ ಸಾಧಾರಣ ಪ್ರೋಗ್ರಾಮಿನಲ್ಲಿ ಆಗುತ್ತದೆ, ಅಸಿಸ್ಟೆಂಟ್‌ಗೆ ಸಿದ್ಧ ಅಂಕಿಗಳು ಹೋಗುತ್ತವೆ, ಅದು ಓದಿ ಹೇಳುವುದಷ್ಟನ್ನೇ ಮಾಡುತ್ತದೆ.

ನನ್ನ ಅಭಿಪ್ರಾಯವನ್ನು ಗಟ್ಟಿ ಮಾಡಿದ ಪ್ರಸಂಗವೊಂದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಾನು ನೋಡಿಕೊಳ್ಳುವ ಖಾತೆಗಳಲ್ಲಿ ಒಂದರ ಮಾಲೀಕರು ವಾರಾಂತ್ಯದಲ್ಲಿ ತಮ್ಮ ಜಾಲತಾಣದ ವಿನ್ಯಾಸವನ್ನು ಬದಲಾಯಿಸಿದರು. ಖರೀದಿ ಮುಗಿದಾಗ ಅದನ್ನು ಜಾಹೀರಾತು ಖಾತೆಗೆ ತಿಳಿಸುವ ಟ್ಯಾಗ್ ಎಂಬ ಪುಟ್ಟ ಕೋಡಿನ ತುಣುಕು ಹೊಸ ಪುಟಗಳಲ್ಲಿ ಬಿಟ್ಟುಹೋಯಿತು. ಖರೀದಿಗಳು ಎಂದಿನಂತೆ ನಡೆಯುತ್ತಿದ್ದವು, ಖಾತೆಗೆ ಸುದ್ದಿ ಮುಟ್ಟುತ್ತಿರಲಿಲ್ಲ ಅಷ್ಟೆ. ಸೋಮವಾರ ಬೆಳಿಗ್ಗೆ ಅಸಿಸ್ಟೆಂಟ್‌ನಿಂದ ಬಂದ ಟಿಪ್ಪಣಿ ಹೀಗಿತ್ತು: ಖಾತೆಯಲ್ಲಿ ಅತಿ ಹೆಚ್ಚು ಖರ್ಚು ಮಾಡುವ ಕ್ಯಾಂಪೇನ್‌ನಿಂದ ಎರಡು ದಿನಗಳಲ್ಲಿ ಒಂದೂ ಕನ್ವರ್ಷನ್ ಬಂದಿಲ್ಲ, ಕೂಡಲೇ ನಿಲ್ಲಿಸುವುದು ಸೂಕ್ತ. ತನಗೆ ಕೊಟ್ಟ ಅಂಕಿಗಳ ಮಟ್ಟಿಗೆ ಅದು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಎಲ್ಲ ಕ್ಯಾಂಪೇನ್‌ಗಳಲ್ಲೂ ಒಂದೇ ಗಂಟೆಯಿಂದ ಸೊನ್ನೆಯಾಗಿದೆ ಎಂಬುದನ್ನು ನೋಡಿದೊಡನೆ, ಇದು ಗ್ರಾಹಕರ ವಿಷಯವಲ್ಲ, ಅಳತೆಗೋಲಿನ ವಿಷಯ ಎಂದು ಈ ಕೆಲಸದಲ್ಲಿ ಪಳಗಿದ ಯಾರಿಗಾದರೂ ಹೊಳೆಯುತ್ತದೆ. ಮಾಲೀಕರಿಗೆ ಫೋನ್ ಮಾಡಿ ಆರ್ಡರ್‌ಗಳು ಬರುತ್ತಿವೆಯೇ ಎಂದು ಕೇಳಿದೆ, ಬರುತ್ತಿದ್ದವು. ನಿಲ್ಲಿಸುವ ಅಧಿಕಾರ ಅದಕ್ಕಿದ್ದಿದ್ದರೆ ಶನಿವಾರ ರಾತ್ರಿಯೇ ಅವರ ವ್ಯಾಪಾರದ ಮುಖ್ಯ ಬಾಗಿಲು ಮುಚ್ಚಿರುತ್ತಿತ್ತು. ಮುಚ್ಚಿದ್ದನ್ನು ತೆರೆಯುವುದು ಒಂದು ಗುಂಡಿ ಒತ್ತಿದಷ್ಟು ಸುಲಭವೆಂದು ತೋರಬಹುದು. ಆದರೆ ಹರಾಜಿನಲ್ಲಿ ಎಷ್ಟು ಬೆಲೆ ಕೂಗಬೇಕೆಂದು ತಾನೇ ನಿರ್ಧರಿಸುವ ಸ್ವಯಂಚಾಲಿತ ಬಿಡ್ಡಿಂಗ್ ವ್ಯವಸ್ಥೆ ಮತ್ತೆ ಹದಕ್ಕೆ ಬರಲು ದಿನಗಳೇ ಬೇಕಾಗಬಹುದು. ನಿಲ್ಲಿಸದಿದ್ದರೂ ಆ ಎರಡು ದಿನಗಳ ಸೊನ್ನೆಗಳು ಬಿಡ್ಡಿಂಗ್‌ನ ದಾರಿ ತಪ್ಪಿಸುತ್ತವೆ. ಅಂಥ ದಿನಗಳನ್ನು ಲೆಕ್ಕದಿಂದ ಹೊರಗಿಡುವ ಸೌಲಭ್ಯ ಗೂಗಲ್‌ನ ಸ್ಮಾರ್ಟ್ ಬಿಡ್ಡಿಂಗ್‌ನಲ್ಲಿದೆ. ಅದನ್ನು ಬಳಸಬೇಕೆಂದು ನಿರ್ಧರಿಸಲು ಟ್ಯಾಗ್ ಬಿದ್ದುಹೋಗಿದೆ ಎಂಬುದು ಮೊದಲು ಗೊತ್ತಾಗಬೇಕಷ್ಟೆ.

ಇದರ ತದ್ವಿರುದ್ಧ ಪ್ರಕರಣ ಇನ್ನೂ ಮೋಸದ್ದು. ಮತ್ತೊಂದು ಖಾತೆಯಲ್ಲಿ, ಖರೀದಿಯ ನಂತರದ ಧನ್ಯವಾದ ಪುಟವನ್ನು ಗ್ರಾಹಕ ಪುನಃ ತೆರೆದಾಗಲೆಲ್ಲ ಹೊಸ ಖರೀದಿಯೆಂದು ದಾಖಲಾಗತೊಡಗಿ, ಕನ್ವರ್ಷನ್‌ಗಳು ಹೆಚ್ಚುಕಡಿಮೆ ದುಪ್ಪಟ್ಟಾದವು. ಅಸಿಸ್ಟೆಂಟ್ ಇದನ್ನು ಶುಭವಾರ್ತೆಯಾಗಿ ಬರೆದು, ಬಜೆಟ್ ಹೆಚ್ಚಿಸಲು ಸಲಹೆ ಕೊಟ್ಟಿತು. ನಾನೂ ಮಾಲೀಕರೂ ಮೂರು ದಿನ ಸಂತೋಷವಾಗಿದ್ದೆವು. ಕುಸಿತವನ್ನು ಸಂಶಯಿಸುವಷ್ಟು ಸುಲಭವಾಗಿ ಏರಿಕೆಯನ್ನು ಯಾರೂ ಸಂಶಯಿಸುವುದಿಲ್ಲ, ಮತ್ತು ಅಸಿಸ್ಟೆಂಟ್‌ಗೆ ಸೂಚನೆ ಬರೆಯುವವರು ಮನುಷ್ಯರೇ ಆದ್ದರಿಂದ ನಮ್ಮ ಈ ಒಲವು ಅದಕ್ಕೂ ದಾಟಿಕೊಳ್ಳುತ್ತದೆ. ಈಗ ಮಾಲೀಕರ ಆರ್ಡರ್ ಪುಸ್ತಕದ ಸಂಖ್ಯೆಯೊಂದಿಗೆ ಖಾತೆಯ ಸಂಖ್ಯೆಯನ್ನು ದಿನವೂ ತಾಳೆ ನೋಡಿ, ಅಂತರ ಯಾವ ಕಡೆಗೆ ಬೆಳೆದರೂ ಹೇಳಬೇಕೆಂದು ಬರೆದಿದ್ದೇನೆ. ನಾನು ಬರೆದ ಎಲ್ಲ ಸೂಚನೆಗಳ ಪೈಕಿ ಹೆಚ್ಚು ಉಪಯೋಗಕ್ಕೆ ಬಂದಿರುವುದು ಇದೊಂದೇ.

ಅಧಿಕಾರದ ಪ್ರಶ್ನೆಗೆ ಇನ್ನೊಂದು ಮುಖವಿದೆ. ಇಂಥ ಅಸಿಸ್ಟೆಂಟ್‌ಗಳ ಒಳಗಿರುವ ಭಾಷಾ ಮಾದರಿಗಳು ತಾವು ಓದುವ ಪಠ್ಯವನ್ನೂ ತಮಗೆ ಕೊಟ್ಟ ಆಜ್ಞೆಯನ್ನೂ ಬೇರ್ಪಡಿಸುವುದರಲ್ಲಿ ಇನ್ನೂ ದುರ್ಬಲವಾಗಿವೆ. ಜಾಹೀರಾತಿನ ನಿಗಾ ಎಂದರೆ ಅಪರಿಚಿತರು ಬರೆದದ್ದನ್ನು ಓದುವುದು: ಹುಡುಕಾಟದ ಪದಗಳು, ಜಾಹೀರಾತು ಕಾಣಿಸಿಕೊಂಡ ಜಾಲತಾಣಗಳ ಪುಟಗಳು, ಪ್ರತಿಸ್ಪರ್ಧಿಗಳ ಪುಟಗಳು. ಅವುಗಳಲ್ಲೊಂದರಲ್ಲಿ ಯಾರಾದರೂ ಅಸಿಸ್ಟೆಂಟ್‌ಗೆಂದೇ ಒಂದು ಸಾಲು ಅಡಗಿಸಿಟ್ಟರೆ, ಅದು ಆ ಸಾಲನ್ನು ನನ್ನ ಮಾತೆಂದು ಪಾಲಿಸುವ ಸಾಧ್ಯತೆ ಇದೆ. ಪ್ರಾಂಪ್ಟ್ ಇಂಜೆಕ್ಷನ್ ಎನ್ನುವ ಈ ದಾಳಿಗೆ, ಭಾಷಾ ಮಾದರಿಗಳ ಅಪಾಯಗಳ ಕುರಿತ ಓವಾಸ್ಪ್ ಎಂಬ ಸಾಫ್ಟ್‌ವೇರ್ ಸುರಕ್ಷತಾ ಸಂಸ್ಥೆಯ ಪಟ್ಟಿಯಲ್ಲಿ ಮೊದಲ ಸ್ಥಾನವಿದೆ. ಖಾತೆಗಳಲ್ಲಿ ನೋಡಲು ಮಾತ್ರ ಅನುಮತಿ ಕೊಡುವ ಹಂತವೊಂದಿದೆ. ಅಸಿಸ್ಟೆಂಟ್‌ಗೆ ಅದಷ್ಟೇ ಸಾಕು. ಹಾಗೆ ಮಾಡಿದರೆ ಅದು ಮೋಸಹೋದರೂ ತಪ್ಪು ವರದಿ ಬರುತ್ತದೆ, ಹಣ ಹೋಗುವುದಿಲ್ಲ. ನಿಧಾನವಾಗುತ್ತದೆ, ರಾತ್ರಿ ಎರಡು ಗಂಟೆಗೆ ಕೆಟ್ಟದ್ದನ್ನು ಎರಡು ಗಂಟೆಗೇ ತಡೆಯಲಾಗುವುದಿಲ್ಲ ಎಂಬ ಆಕ್ಷೇಪ ನಿಜ. ಅದಕ್ಕೆ ಅಸಿಸ್ಟೆಂಟ್ ಬೇಕಿಲ್ಲ: ಖರ್ಚು ಒಂದು ಮಿತಿ ದಾಟಿದರೆ ನಿಲ್ಲಿಸುವ ಹಳೆಯ ಸ್ಕ್ರಿಪ್ಟು, ಯಾವ ಪುಟವನ್ನೂ ಓದದ, ಯಾರ ಮಾತಿಗೂ ಮರುಳಾಗದ ಸ್ಕ್ರಿಪ್ಟು, ಈಗಲೂ ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ.

ಜಾಹೀರಾತು ಸರಿಯಾಗಿ ಓಡುತ್ತಿದೆಯೇ ಎಂಬುದಕ್ಕೂ ಅದು ಬೇಕೇ ಎಂಬುದಕ್ಕೂ ಬಹಳ ಅಂತರವಿದೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಆನ್‌ಲೈನ್ ಮಾರುಕಟ್ಟೆಯಾದ ಇಬೇ ಕಂಪನಿ ತನ್ನ ಹೆಸರನ್ನೇ ಹುಡುಕುವವರಿಗೆ ತೋರಿಸುತ್ತಿದ್ದ ಜಾಹೀರಾತುಗಳನ್ನು ಪ್ರಯೋಗಕ್ಕಾಗಿ ನಿಲ್ಲಿಸಿದಾಗ, ಹೆಚ್ಚುಕಡಿಮೆ ಅಷ್ಟೂ ಜನ ಕೆಳಗಿನ ಉಚಿತ ಕೊಂಡಿಯ ಮೂಲಕ ಬಂದೇ ಬಂದರು. 2015ರಲ್ಲಿ ಇಕನೊಮೆಟ್ರಿಕಾ ಎಂಬ ಅರ್ಥಶಾಸ್ತ್ರದ ಪತ್ರಿಕೆಯಲ್ಲಿ ಆ ಅಧ್ಯಯನ ಪ್ರಕಟವಾಯಿತು. ಮೇಲ್ವಿಚಾರಣೆಯ ಯಾವ ಅಂಕಿಯಲ್ಲೂ ಆ ಜಾಹೀರಾತುಗಳು ಕೆಟ್ಟದಾಗಿ ಕಂಡಿರಲಾರವು. ಇಂಥ ಪ್ರಶ್ನೆಗೆ ಉತ್ತರ ಬೇಕಾದರೆ ಒಂದು ಭಾಗವನ್ನು ಬೇಕೆಂದೇ ನಿಲ್ಲಿಸಿ ನೋಡಬೇಕು, ಆ ಧೈರ್ಯದ ಹೊಣೆಯನ್ನು ಖಾತೆಯ ಮಾಲೀಕರೇ ಹೊರಬೇಕು.

ಕೊನೆಯದಾಗಿ, ಈ ವ್ಯವಸ್ಥೆಯನ್ನು ಅಳವಡಿಸಿಕೊಳ್ಳಲಿರುವ ಓದುಗರ ಗಮನಕ್ಕೆ ಒಂದು ಅನುಭವ. ಎಚ್ಚರಿಕೆ ಇದ್ದರೆ ಮಾತ್ರ ಬರೆ, ಇಲ್ಲದಿದ್ದರೆ ಸುಮ್ಮನಿರು ಎಂದು ನಾನು ಅಸಿಸ್ಟೆಂಟ್‌ಗೆ ಹೇಳಿದ್ದೆ. ಒಮ್ಮೆ ನಾಲ್ಕು ದಿನ ಏನೂ ಬರಲಿಲ್ಲ. ಎಲ್ಲ ಚೆನ್ನಾಗಿದೆ ಎಂದುಕೊಂಡೆ. ಐದನೆಯ ದಿನ ಬೇರಾವುದೋ ಕಾರಣಕ್ಕೆ ಒಳಹೊಕ್ಕು ನೋಡಿದರೆ, ಖಾತೆಗಳನ್ನು ಓದಲು ಅದಕ್ಕಿದ್ದ ಅನುಮತಿಯ ಅವಧಿಯೇ ಮುಗಿದು, ಅದು ನಾಲ್ಕು ದಿನಗಳಿಂದ ಏನನ್ನೂ ನೋಡಿರಲಿಲ್ಲ. ಈಗ ಪ್ರತಿದಿನ ಬೆಳಿಗ್ಗೆ, ಹೇಳಲು ಏನೂ ಇಲ್ಲದ ದಿನವೂ, ಎಷ್ಟು ಖಾತೆಗಳನ್ನು ಓದಿತು, ಯಾವ ಗಂಟೆಯವರೆಗಿನ ಅಂಕಿಗಳು ಸಿಕ್ಕವು ಎಂಬ ಒಂದು ಸಾಲು ಬರಲೇಬೇಕು. ಆ ಸಾಲು ಒಂಬತ್ತು ಗಂಟೆಯೊಳಗೆ ಬಾರದಿದ್ದರೆ ನಾನೇ ಖಾತೆ ತೆರೆದು ಕೂರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಜಾಹೀರಾತು ಖಾತೆಗಳ ನಿರ್ವಹಣೆಯ ವೃತ್ತಿಯಲ್ಲಿರುವ ಓದುಗ