ರೀಗಾದಿಂದ ಅಕ್ಕಂಗೆ: ನರಕಕ್ಕೆ ಬೇಟೆಗೆ ಹೋಗ್ತಿದ್ದ ಮುದುಕ

ಅಕ್ಕಾ,

ಎಲ್ರೂ ಆರಾಮಾ? ಇಲ್ಲಿ ಡಿಸೆಂಬರ್ ಚಳಿ, ಬೆಳಗ್ಗೆ ಒಂಬತ್ತರ ಹತ್ರ ಸೂರ್ಯ ಬರ್ತಾನೆ, ನಾಲ್ಕಾಗೋ ಮುಂಚೆನೇ ಹೊರಟೋಗ್ತಾನೆ, ಅದು ಬಿಟ್ರೆ ಚೆನ್ನಾಗಿದೀನಿ, ಊಟ ಸರಿಯಾಗಿ ಮಾಡ್ತಿದೀನಿ ಅಂತ ಅಮ್ಮಂಗೆ ಹೇಳು. ಪುಟ್ಟಿ ಕೇಳಿದ್ಳಲ್ಲ, ಮಾಮ ನಿಮ್ಮೂರಲ್ಲಿ ತೋಳ ಆಗೋ ಮನುಷ್ಯರು ಇದಾರಾ ಅಂತ. ಸುಮ್ನೆ ಹುಡುಕ್ತಾ ಕೂತ್ರೆ ಇದೇ ಲಾಟ್ವಿಯಾದಲ್ಲಿ ಕೋರ್ಟ್ ರೆಕಾರ್ಡ್ ಸಮೇತ ಒಬ್ಬ ಸಿಕ್ಕಿದಾನೆ ಕಣೇ! ಕೊನೇಲಿ ಬರೋ ಶಿಕ್ಷೆ ವಿಷ್ಯ ಮಾತ್ರ ಅವಳಿಗೆ ಓದ್ಬೇಡ.

ಅವನ ಹೆಸರು ತೀಸ್, ಎಂಬತ್ತು ದಾಟಿದ ಮುದುಕ. ಆಗ ಈ ಕಡೆಯೆಲ್ಲಾ ಸ್ವೀಡನ್ ರಾಜನ ಕೈಲಿತ್ತು, ಜಮೀನ್ದಾರರು ಮಾತ್ರ ಜರ್ಮನ್ನರು, ಲಿವೋನಿಯಾ ಅಂತಿದ್ರು. 1691ರಲ್ಲಿ ಯುರ್ಗೆನ್ಸ್‌ಬುರ್ಗ್ ಅನ್ನೋ ಊರಲ್ಲಿ ಚರ್ಚ್ ಕಳ್ಳತನದ ಕೇಸು, ಇವನು ಬಂದಿದ್ದು ಬರೀ ಸಾಕ್ಷಿ ಹೇಳೋಕೆ. ಇವನು ಪ್ರಮಾಣ ಮಾಡ್ಬೇಕು ಅಂದಾಗ ಇನ್ನೊಬ್ಬ ಸಾಕ್ಷಿ ಮುಸಿಮುಸಿ ನಕ್ಕ, ಯಾಕಪ್ಪ ನಗ್ತೀಯ ಅಂತ ಜಡ್ಜ್ ಕೇಳಿದ್ರೆ, ಇವನು ತೋಳಮನುಷ್ಯ ಅಂತ ಊರಿಗೇ ಗೊತ್ತು ಸ್ವಾಮಿ, ಇವನ್ದೆಂಥ ಪ್ರಮಾಣ ಅಂದ. ಬೇರೆ ಯಾರಾದ್ರೂ ಆಗಿದ್ರೆ ಅಯ್ಯೋ ಇಲ್ಲ ಅಂತ ಕಾಲಿಗೆ ಬೀಳ್ತಿದ್ರು. ಇವನು, ಹೌದು ಆಗಿದ್ದೆ, ಈಗ ಬಿಟ್ಟು ಹತ್ತು ವರ್ಷ ಆಯ್ತು, ಹಿಂದೆ ಬೇರೆ ಜಡ್ಜ್‌ಗಳ ಮುಂದೆನೂ ಹೇಳಿದ್ದೆ, ಅವ್ರು ನಕ್ಕು ಕಳ್ಸಿದ್ರು ಅಂದನಂತೆ.

ಆಮೇಲೆ ಅವನು ಹೇಳಿದ್ದು ಕೇಳು. ವರ್ಷಕ್ಕೆ ಮೂರು ರಾತ್ರಿ ಬೇಟೆ. ಕ್ರಿಸ್ಮಸ್‌ಗೆ ಮುಂಚೆ ಬರೋ ಸಂತ ಲೂಸಿಯಾ ಹಬ್ಬದ ರಾತ್ರಿ, ಈಸ್ಟರ್ ಆದ ಏಳು ವಾರಕ್ಕೆ ಬರೋ ಪೆಂಟೆಕೋಸ್ಟ್ ಹಬ್ಬದ ರಾತ್ರಿ, ಮತ್ತೆ ಬೇಸಿಗೇಲಿ ಸಂತ ಯೋಹಾನನ ಹಬ್ಬದ ರಾತ್ರಿ. (ಈ ಕೊನೇದನ್ನ ಇಲ್ಲಿ ಯಾನಿ ಅಂತಾರೆ, ಜೂನ್ 23ಕ್ಕೆ ಈಗ್ಲೂ ಇಡೀ ದೇಶ ಬೆಂಕಿ ಹಾಕ್ಕೊಂಡು ಬೆಳಗಾಗೋ ತನಕ ಹಾಡ್ತಾ ಕೂತಿರತ್ತೆ.) ಆ ರಾತ್ರಿಗಳಲ್ಲಿ ಇವ್ರೆಲ್ಲಾ ತೋಳದ ರೂಪದಲ್ಲಿ ನರಕಕ್ಕೆ ಹೋಗ್ತಿದ್ರು. ಯಾಕೆ ಅಂದ್ರೆ ಮಾಟಗಾರರು ರೈತರ ಹೊಲದ ಬೆಳೆ, ಮೊಳಕೆ ಎಲ್ಲಾ ಕದ್ದು ಸೈತಾನನ ಹತ್ರ ಸಾಗಿಸಿರ್ತಿದ್ರಂತೆ, ಅದನ್ನ ಕಿತ್ಕೊಂಡು ವಾಪಸ್ ತರ್ಬೇಕು, ಬಾರ್ಲಿ, ಓಟ್ಸ್, ರೈ ಎಲ್ಲಾನೂ. ತಂದ್ರೆ ಆ ವರ್ಷ ಬೆಳೆ, ಇಲ್ಲಾಂದ್ರೆ ಬರಗಾಲ. ಒಂದ್ಸಲ ಇವ್ರು ಲೇಟಾಗಿ ಹೋದ್ರಂತೆ, ಅಷ್ಟರಲ್ಲಿ ರಷ್ಯಾ ಕಡೆ ತೋಳಗಳು ಮುಂಚೆನೇ ಹೋಗಿ ಅವರ ಪಾಲು ತಗೊಂಡಿದ್ವು, ಅದಕ್ಕೇ ಅವರಲ್ಲಿ ಬೆಳೆ ಆಯ್ತು ನಮ್ಮಲ್ಲಿ ಆಗ್ಲಿಲ್ಲ ಅಂತಾನೆ. ಅವನ ಮೂಗು ಮುರಿದಿತ್ತು, ಅದ್ಯಾಕೆ ಅಂದ್ರೆ ನರಕದಲ್ಲಿ ಒಬ್ಬ ಮಾಟಗಾರ, ಅವನೂ ಗೊತ್ತಿರೋ ರೈತನೇ, ಕುದುರೆ ಬಾಲ ಸುತ್ತಿದ ಪೊರಕೆ ಕೋಲಲ್ಲಿ ಬಾರಿಸಿದ್ದು ಅಂತ!

ಜಡ್ಜ್‌ಗಳ ಪ್ರಶ್ನೆ ನೋಡಿದ್ರೆ ನಂಗೆ ನಗು ತಡೆಯಕ್ಕಾಗ್ಲಿಲ್ಲ. ದಾರೀಲಿ ದನ ಕುರಿ ಹಿಡಿದು ಸುಟ್ಟು ತಿಂತಿದ್ವಿ ಅಂದಿದಾನೆ, ಅವ್ರು ಸೀರಿಯಸ್ಸಾಗಿ, ತೋಳದ ಪಂಜ ಇಟ್ಕೊಂಡು ಹೆಂಗಪ್ಪ ಸುಡ್ತೀರ, ಉಪ್ಪು ಎಲ್ಲಿಂದ ತರ್ತೀರ ಅಂತ ಕೇಳಿದಾರೆ.

ಅವ್ರಿಗೆ ಬೇಕಾಗಿದ್ದು ಒಂದೇ ಮಾತು, ನಾನು ಸೈತಾನನ ಕಡೆಯವನು ಅಂತ ಇವನು ಒಪ್ಕೋಬೇಕು. ಅದೊಂದೇ ಇವನ ಬಾಯಿಂದ ಬರ್ಲಿಲ್ಲ. ನಾವು ದೇವರ ನಾಯಿಗಳು, ಸೈತಾನಂಗೆ ನಮ್ಮನ್ನ ಕಂಡ್ರಾಗಲ್ಲ, ಸತ್ತ ಮೇಲೆ ಸ್ವರ್ಗಕ್ಕೇ ಹೋಗೋದು ಅಂತ ಪಟ್ಟು. ಪಾದ್ರಿ ಬಂದು ತಪ್ಪೊಪ್ಕೋ ಅಂತ ಬುದ್ಧಿ ಹೇಳಿದ್ರೆ, ನೀವಿನ್ನೂ ಚಿಕ್ಕವರು, ಈ ವಿಷ್ಯ ನಿಮಗಿಂತ ನಂಗೆ ಚೆನ್ನಾಗಿ ಗೊತ್ತು ಅಂದ್ಬಿಟ್ಟ.

ಇವನ ಧೈರ್ಯ ಗೊತ್ತಾಗ್ಬೇಕಂದ್ರೆ ಇನ್ನೊಂದು ಕೇಸು ನೋಡ್ಬೇಕು, 1589ರಲ್ಲಿ ಜರ್ಮನಿಯ ಬೆಡ್‌ಬುರ್ಗ್‌ನಲ್ಲಿ ಪೀಟರ್ ಸ್ಟಂಪ್ ಅನ್ನೋನನ್ನ ಚಿತ್ರಹಿಂಸೆಯ ಹೆದರಿಕೆ ಹಾಕಿ, ತೋಳ ಆಗ್ತಿದ್ದೆ ಅಂತ ಹೇಳ್ಸಿ ಸಾಯ್ಸಿದ್ರು. ತೀಸ್‌ಗೆ ಯಾರೂ ಹೊಡೆದು ಹೇಳ್ಸಿಲ್ಲ, ತಾನಾಗೇ ಹೇಳಿದ್ದು. ಇಟಲಿಯ ಫ್ರಿಯುಲಿಯಲ್ಲೂ ಹಿಂಗೇ ಬೆನಾಂದಾಂತಿ ಅಂತ ಜನ ಇದ್ರು, ತೋಳ ಆಗ್ತಿರ್ಲಿಲ್ಲ, ಆದ್ರೆ ದೇಹ ಮನೇಲಿ ಬಿಟ್ಟು ಆತ್ಮ ಹೊರಟು, ಸೋಂಪಿನ ಗಿಡದ ಕಡ್ಡಿ ಹಿಡ್ಕೊಂಡು ಜೋಳದ ದಂಟು ಹಿಡಿದ ಮಾಟಗಾರರ ಜೊತೆ ಹೊಡೆದಾಟ, ಅದೂ ಬೆಳೆಗೋಸ್ಕರನೇ.

ಇಲ್ಲಿನ ಜಡ್ಜ್‌ಗಳಿಗೆ ಏನ್ಮಾಡ್ಬೇಕು ಅಂತ ತಿಳೀದೆ ಕೇಸು ಮೇಲಿನ ಕೋರ್ಟಿಗೆ ಹೋಯ್ತು, 1692ರ ಅಕ್ಟೋಬರ್ 31ಕ್ಕೆ ತೀರ್ಪು: ಚಾಟಿ ಏಟು, ಜೀವನಪೂರ್ತಿ ಗಡೀಪಾರು. ಎಂಬತ್ತು ದಾಟಿದೋನಿಗೆ. ಅವನು ಮಂತ್ರ ಹಾಕಿ ದನಕರು, ಜನಕ್ಕೆ ವಾಸಿ ಮಾಡ್ತಿದ್ದದ್ದೂ ಅವರಿಗೆ ದೊಡ್ಡ ತಪ್ಪಾಗಿ ಕಂಡಿತ್ತು.

ಇತಿಹಾಸಕಾರರಲ್ಲಿ ಈಗ್ಲೂ ಒಮ್ಮತ ಇಲ್ಲ. ಯಾವುದೋ ಪುರಾತನ ನಂಬಿಕೆ ಉಳ್ಕೊಂಡು ಬಂದಿದ್ದು ಅಂತ ಕೆಲವ್ರು, ಇಲ್ಲಪ್ಪಾ, ಜರ್ಮನ್ ಜಮೀನ್ದಾರರ ಕೆಳಗಿದ್ದ ರೈತ ಅವರ ಮಾತನ್ನ ಅವರಿಗೇ ತಿರುಗ್ಸಿದ್ದು ಅಂತ ಇನ್ನು ಕೆಲವ್ರು. ನಂಗೆ ಎರಡನೇದೇ ಜಾಸ್ತಿ ಸರಿ ಅನ್ಸತ್ತೆ, ಯಾಕಂದ್ರೆ ಜರ್ಮನ್ನರೂ ನಿಮ್ ಜೊತೆ ಬರ್ತಾರಾ ಅನ್ನೋದಕ್ಕೆ ಅವನ ಉತ್ತರ, ಇಲ್ಲ, ಅವರಿಗೆ ಬೇರೆ ನರಕನೇ ಇದೆ ಅಂತ. ಆ ಕೋರ್ಟ್ ನಡೀತಿದ್ದದ್ದೇ ಜರ್ಮನ್ ಭಾಷೇಲಿ! ಭಾವಂಗೂ ಇದನ್ನ ಓದೋಕೆ ಕೊಡು, ಅವರು ಏನಂತಾರೆ ಬರಿ.

ನಿನ್ನ ತಮ್ಮ