ಹೊಸ ಪದ ಹಾಕಿದರೆ ಅರ್ಥವನ್ನೂ ಬರೆಯಿರಿ

ಎಲ್ಲರಿಗೂ ನಮಸ್ಕಾರ. ಒಂದು ವಿನಂತಿ. ನಮ್ಮ ಕೊಪ್ಪಳದ ಓಣಿಯ ಈ ಗುಂಪಿನಲ್ಲಿ ಕಾಲೇಜು ಹುಡುಗರಿಂದ ಹಿಡಿದು ಎಪ್ಪತ್ತು ದಾಟಿದ ಅಜ್ಜಂದಿರವರೆಗೆ ಎಲ್ಲರೂ ಇದ್ದಾರೆ. ನಿನ್ನೆ ಒಬ್ಬರು 'ಅವನು ಸಾಹೇಬರಿಗೆ ಬಕೆಟ್ ಹಿಡೀತಾನೆ' ಎಂದು ಬರೆದರು. ಹಿರಿಯರೊಬ್ಬರು 'ಯಾಕೆ, ಅವರ ಮನೆಗೆ ನಳ ಬಂದಿಲ್ವಾ?' ಎಂದು ಕಾಳಜಿಯಿಂದ ಕೇಳಿದರು. ಉತ್ತರವಾಗಿ ಬರೀ ನಗುವ ಮುಖಗಳು ಬಂದವು. ಯಾರೂ ಅರ್ಥ ಹೇಳಲಿಲ್ಲ. ನನಗೆ ಬೇಜಾರಾಯಿತು.

ಬಕೆಟ್ ಹಿಡಿಯೋದು ಅಂದರೆ ತನ್ನ ಕೆಲಸ ಆಗಲಿ ಎಂದು ದೊಡ್ಡವರನ್ನು ಹೊಗಳುತ್ತಾ ಅವರ ಹಿಂದೆ ಸುತ್ತೋದು. ಮೊದಲು ಇಂಥವನನ್ನೇ ಚಮಚಾ ಎನ್ನುತ್ತಿದ್ದೆವು, ನೆನಪಿದೆ ಅಲ್ವಾ? ಕಾಗೆ ಹಾರಿಸೋದು, ಓಳು ಬಿಡೋದು ಎರಡೂ ಸುಳ್ಳು ಹೇಳೋದೇ. ಬಿಲ್ಡಪ್ ಅಂದರೆ ಇಲ್ಲದ ದೊಡ್ಡಸ್ತಿಕೆ ತೋರಿಸೋದು. ಇಂಗ್ಲಿಷಿನ 'ರಿಜ್' ಅಂದರೆ ಮಾತಿನಲ್ಲೇ ಮನಸ್ಸು ಸೆಳೆಯುವ ಗುಣ. ಆಕ್ಸ್‌ಫರ್ಡ್ ನಿಘಂಟಿನವರು 2023ರ ವರ್ಷದ ಪದವಾಗಿ ಅದನ್ನೇ ಆರಿಸಿದ್ದರು. 2024ರಲ್ಲಿ ಆರಿಸಿದ್ದು 'ಬ್ರೈನ್ ರಾಟ್': ಹುರುಳಿಲ್ಲದ್ದನ್ನೇ ಮೊಬೈಲಿನಲ್ಲಿ ನೋಡಿ ನೋಡಿ ತಲೆ ಮಂಕಾಗೋದು.

ಹೊಸ ಪದ ಬೇಡ ಎನ್ನುತ್ತಿಲ್ಲ. 1948ರವರೆಗೆ ನಿಜಾಮರ ಆಳ್ವಿಕೆ ಇದ್ದ ಸೀಮೆ ನಮ್ಮದು. ಉರ್ದುವಿನ ಎಷ್ಟೋ ಪದಗಳು ನಮ್ಮ ಬಾಯಲ್ಲಿ ಕನ್ನಡವೇ ಆಗಿವೆ. ಇವೂ ಬರಲಿ. ಆದರೆ ಇವತ್ತಿನಿಂದ ಪದದ ಪಕ್ಕದಲ್ಲೇ ಅರ್ಥ ಬರೆಯಿರಿ. ಜಾತಿ, ಮೈಬಣ್ಣ ಆಡಿಕೊಳ್ಳುವ ಪದಗಳು ಮಾತ್ರ ಬೇಡವೇ ಬೇಡ. ಹಿರಿಯರೇ, ತಿಳಿಯದಿದ್ದರೆ ಸಂಕೋಚ ಬಿಟ್ಟು ಕೇಳಿ. ನಾನು ಉತ್ತರ ಬರೆಯುತ್ತೇನೆ.